ಹೂಂಗುಡುವ ಕೆಲಸ

ಬೆಂಗಳೂರಿನವರು ಪೇಟೆಗೆ ಇಳಿಯಬೇಕಾದರೆ ಮನೆಯಲ್ಲಿ ಮದುವೆ ಗೊತ್ತಾಗಿರಬೇಕು, ಇಲ್ಲವೇ ಯಾವುದಾದರೂ ಯಂತ್ರ ಕೆಟ್ಟಿರಬೇಕು. ಮದುವೆಯಾದರೆ ಚಿಕ್ಕಪೇಟೆ, ಯಂತ್ರವಾದರೆ ಎಸ್.ಪಿ. ರಸ್ತೆ. ಓದುವ ಮಕ್ಕಳಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿ. ಇದ್ಯಾವುದೂ ಇಲ್ಲದೆ, ಜೇಬಿನಲ್ಲಿ ಸಾಮಾನಿನ ಚೀಟಿಯೂ ಇಲ್ಲದೆ, ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದಕ್ಕೆ ದುಡ್ಡು ಕೊಡುವವರಿದ್ದಾರೆಂದು ನನಗೆ ತಿಳಿದದ್ದು ಮಗಳಿಂದ. ನಿವೃತ್ತಿಯ ದಿನ ಕಚೇರಿಯವರು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ಮಗಳು ಕೊಟ್ಟದ್ದು ಮೊಬೈಲಿಗೆ ಬಂದ ಒಂದು ಟಿಕೆಟ್ಟು: ಬೆಂಗಳೂರು ಪೇಟೆ, ನಡಿಗೆ ಪ್ರವಾಸ, ಖಾಸಗಿ.

"ಖಾಸಗಿ ಅಂದ್ರೆ ಏನಮ್ಮಾ?" ಎಂದೆ.

"ನಿಮಗೊಬ್ರಿಗೇ ಅಪ್ಪ. ಗೈಡ್ ನಿಮ್ಮೊಬ್ರ ಜೊತೆ ಮಾತ್ರ ಮಾತಾಡ್ತಾರೆ."

ನನ್ನೊಬ್ಬನ ಜೊತೆ ಮಾತ್ರ ಮಾತಾಡುವವರು ಈ ವಯಸ್ಸಿನಲ್ಲಿ ಸಿಗುವುದೂ ಒಂದು ಭಾಗ್ಯವೇ ಅಂದುಕೊಂಡೆ. ಹೆಂಡತಿಯನ್ನೂ ಕರೆದೆ. "ಚಿಕ್ಕಪೇಟೆಗೆ ಹೋಗಿ ಸೀರೆ ನೋಡದೆ ಕಂಬ ನೋಡ್ಕೊಂಡು ಬರೋದಾ? ನೀವೇ ಹೋಗ್ಬನ್ನಿ" ಎಂದು ಒಳಗೆ ಹೋದಳು.

ಖಾಸಗಿ ಎಂದರೇನೆಂದು ಪೂರ್ತಿ ಅರ್ಥವಾದದ್ದು ಪ್ರವಾಸ ಶುರುವಾದ ಬೆಂಗಳೂರು ಕೋಟೆಯ ಬಾಗಿಲಲ್ಲಿ. ಗುಂಪಿನ ಪ್ರವಾಸದಲ್ಲಿ ನಮ್ಮಂಥವರಿಗೆ ಹಿಂದಿನ ಸಾಲು ಅಂತ ಒಂದಿರುತ್ತದೆ. ಅಲ್ಲಿ ನಿಂತು ಕಡಲೆಕಾಯಿ ತಿನ್ನಬಹುದು, ಕಾಲು ಬದಲಾಯಿಸಬಹುದು, ಮೊಬೈಲು ನೋಡಬಹುದು. ಗೈಡ್ ಎದುರು ನಿಂತು ಪ್ರಶ್ನೆ ಕೇಳುವುದಕ್ಕೆ ಮುಂದಿನ ಸಾಲಿನಲ್ಲಿ ಒಬ್ಬ ಉತ್ಸಾಹಿ ಇದ್ದೇ ಇರುತ್ತಾನೆ. ಇಲ್ಲಿ ಮುಂದಿನ ಸಾಲೂ ನಾನೇ, ಹಿಂದಿನ ಸಾಲೂ ನಾನೇ. ಗೈಡ್ ಆಗಿ ಬಂದವಳು ಇತಿಹಾಸದಲ್ಲಿ ಎಂ.ಎ. ಮಾಡಿದ ಹುಡುಗಿ. ಕಾಲಿಗೆ ಶೂ, ಹೆಗಲಿಗೆ ಬಟ್ಟೆಚೀಲ, ಚೀಲದಲ್ಲಿ ಲ್ಯಾಮಿನೇಟ್ ಮಾಡಿದ ಹಳೇ ನಕ್ಷೆಗಳು. ಮಾತಾಡುವಾಗ ನೇರ ಕಣ್ಣು ನೋಡಿಯೇ ಮಾತಾಡುವಳು.

ಕಥೆ ಹೇಳುವ ಅಜ್ಜಿಗೆ ಎದುರು ಕೂತವರು ಹೂಂಗುಡದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತಲ್ಲ, ಈ ಹುಡುಗಿಯದೂ ಅದೇ ಕಾನೂನು. ನಾನು ಸುಮ್ಮನೆ ಕೇಳಿಸಿಕೊಂಡರೆ "ಸಾರ್, ಬೋರ್ ಆಗ್ತಿದೆಯಾ?" ಎಂದು ಕಳವಳಪಡುವಳು. ಜೋರಾಗಿ ಹೂಂ ಅಂದರೆ ಹುರುಪು ಬಂದು ಇನ್ನೊಂದು ಶತಮಾನ ಸೇರಿಸುವಳು. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಹೂಂ ಒಂದನ್ನು ಹದ ಮಾಡಿಕೊಳ್ಳುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು.

"1761ರಲ್ಲಿ ಹೈದರಾಲಿ ಈ ಕೋಟೇನ ಕಲ್ಲಿನಲ್ಲಿ ಕಟ್ಟಿಸ್ದ ಸಾರ್. ಈಗ ಉಳಿದಿರೋದು ದೆಹಲಿ ಬಾಗಿಲು, ಅದರ ಆಚೀಚೆ ಒಂದಿಷ್ಟು ಗೋಡೆ."

"ಹೂಂ."

"1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬಂದ. ಮೊದಲು ಪೇಟೆ ಹಿಡಿದ. ಕೋಟೆ ಸಿಕ್ಕಿದ್ದು 21ನೇ ತಾರೀಕು ರಾತ್ರಿ. ನಡುವೆ ಎರಡು ವಾರ ಪೇಟೇಲೇ ಇದ್ರು."

ನಮ್ಮ ಮದುವೆಯ ಜವಳಿಗೆ ಅತ್ತೆ ಮನೆಯವರು ಅದೇ ಪೇಟೆಯಲ್ಲಿ ಎಷ್ಟು ದಿನ ಇದ್ದರೆಂಬುದು ಬಾಯಿಗೆ ಬಂತು, ನುಂಗಿಕೊಂಡು ಹೂಂ ಅಂದೆ. ಕೋಟೆಯೊಳಗೆ ಒಂದು ಗಣಪತಿ ಗುಡಿಯಿದೆ. ಕಣ್ಣು ಮುಚ್ಚಿ ಕೈಮುಗಿದು ತುಸು ಹೆಚ್ಚೇ ಹೊತ್ತು ನಿಂತೆ. ಅಷ್ಟು ಹೊತ್ತು ಹೂಂಗುಡುವುದು ತಪ್ಪಿತ್ತು.

ಅಲ್ಲಿಂದ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ ಶುರು ಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ಸಾಲು ಮರದ ಕಂಬ, ಕಮಾನು, ಮೇಲೆ ಉಪ್ಪರಿಗೆ. ಹುಡುಗಿ ಕಮಾನುಗಳ ಶೈಲಿ ವಿವರಿಸುತ್ತಿದ್ದಳು, ನಾನು ಯಾಂತ್ರಿಕವಾಗಿ ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ಅವಳು ಹೋಗುತ್ತ ಹೋಗುತ್ತ ಒಂದು ಮಾತು ಹೇಳಿದಳು. ಟಿಪ್ಪು ಹೋದ ಮೇಲೆ ಇದು ಸರ್ಕಾರಿ ಸೆಕ್ರೆಟೇರಿಯಟ್ ಆಗಿತ್ತು, 1868ರಲ್ಲಿ ಅಠಾರಾ ಕಚೇರಿ ಕಟ್ಟಿದ ಮೇಲೆ ಆಫೀಸು ಅಲ್ಲಿಗೆ ಹೋಯಿತು ಅಂತ. ನಿವೃತ್ತ ಗುಮಾಸ್ತನ ರಕ್ತ ಕುದಿಯಿತು. ಆ ಬೆಳಗಿನ ನನ್ನ ಮೊದಲ ಪ್ರಶ್ನೆ ಹೊರಟಿತು.

"ಕಡತಗಳನ್ನ ಎಲ್ಲಿಡ್ತಿದ್ರಮ್ಮ?"

ಹುಡುಗಿ ತಬ್ಬಿಬ್ಬಾದಳು. "ಇಲ್ಲಿ ಗೋಡೆ ಕಡಿಮೆ, ಎಲ್ಲ ಕಂಬಾನೇ. ಬೀರು ಇಡೋಕೆ ಜಾಗ ಎಲ್ಲಿದೆ? ಗಾಳಿ ಹೀಗೆ ಬಂದ್ರೆ ಕಾಗದ ನಿಲ್ಲುತ್ತಾ? ಟಪಾಲು ಬರೋದು ಯಾವ ಬಾಗಿಲಿಂದ?" ಎಂದು ನಾನು ಮುಂದುವರಿಸಿದೆ. ಇದುವರೆಗೆ ಯಾರೂ ಇದನ್ನು ಕೇಳಿಲ್ಲ ಎಂದು ಅವಳು ಸಣ್ಣ ಪುಸ್ತಕ ತೆಗೆದು ಬರೆದುಕೊಂಡಳು. ಆ ಮೇಲೆ ನನ್ನ ಬಗ್ಗೆ ಅವಳ ಗೌರವ ಹೆಚ್ಚಿತು. ಗೌರವದ ಜೊತೆ ವಿವರವೂ ಹೆಚ್ಚಿತು.

ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಮಾತ್ರ ಇಬ್ಬರಿಗೂ ಮಾತಾಡಲು ಆಗಲಿಲ್ಲ. ಹಿಂದೆ ಸಿದ್ದಿಕಟ್ಟೆಯಿದ್ದ ಜಾಗದಲ್ಲಿ ಎದ್ದ ಕಟ್ಟಡ, ಬೆಂಗಳೂರಿನ ಬೀದಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಮೊದಲು ದೀಪ ಹತ್ತಿದ್ದೂ ಈ ಆಸುಪಾಸಿನಲ್ಲೇ. ಇಷ್ಟನ್ನು ಅವಳು ನನ್ನ ಕಿವಿಯ ಹತ್ತಿರ ಕೂಗಿ ಹೇಳಿದಳು. ಉಳಿದದ್ದನ್ನು ಸೇವಂತಿಗೆ ಹೂವಿನ ಹರಾಜು ನುಂಗಿತು. ಮನೆಯ ಬಾಗಿಲಲ್ಲಿ ಮೊಳ ಮೊಳವೆಂದು ಜಗ್ಗಾಡಿ ಕೊಳ್ಳುವ ಹೂವು ಇಲ್ಲಿ ಗೋಣಿ ತುಂಬ ಬಂದು ಕಾಲಡಿ ಬೀಳುತ್ತದೆ.

"ನಿಮ್ಮ ಮನೆ ಎಲ್ಲಿ ಸಾರ್?" ಹೊರಗೆ ಬಂದ ಮೇಲೆ ಕೇಳಿದಳು.

"ಬಸವನಗುಡಿ. ತಾತನ ಕಾಲದಿಂದಲೂ ಅಲ್ಲೇ" ಎಂದೆ, ಹೆಮ್ಮೆಯಿಂದಲೇ.

"ಹಾಗಾದ್ರೆ ನೀವು ಓಡಿಹೋದವರು" ಎಂದಳು.

1898ರಲ್ಲಿ ಪೇಟೆಗೆ ಪ್ಲೇಗು ಬಂತು. ಈ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದ ಮೇಲೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಅಗಲ ರಸ್ತೆ ಹಾಕಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದರು. ಅನುಕೂಲವಿದ್ದವರು ಹೋದರು. ಕಡಲೆಕಾಯಿ ಪರಿಷೆಯ ಊರು, ಹಳೇ ಬೆಂಗಳೂರಿಗರು ಎಂದು ನಾವು ಬೀಗುವುದೆಲ್ಲ ಪೇಟೆಯವರ ಲೆಕ್ಕದಲ್ಲಿ ಹೊಸಬರ ಗದ್ದಲ. ಇದಕ್ಕೆ ಹೂಂ ಅನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವೆನ್ಯೂ ರಸ್ತೆಯಲ್ಲಿ ನಡಿಗೆ ಪ್ರವಾಸ ಎಂಬುದರಲ್ಲಿ ನಡಿಗೆ ಕಡಿಮೆ. ನುಸುಳುವುದು, ವಾಲುವುದು, ಗೋಡೆಗೆ ಒರಗುವುದು, "ಸೈಡು ಸೈಡು" ಎಂದು ಬೇಲು ಹೊತ್ತು ಬರುವವನಿಗೆ ದಾರಿ ಬಿಡುವುದು, ಇವೇ ಹೆಚ್ಚು. ರೈಸ್ ಸ್ಮಾರಕ ಚರ್ಚಿನ ಎದುರು ನಿಲ್ಲಿಸಿದಳು. ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿನ ಚರ್ಚು. ಅವರ ಮಗನೇ ನಾಡಿನ ಸಾವಿರಾರು ಶಾಸನಗಳನ್ನು ಹುಡುಕಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದ ಬಿ.ಎಲ್. ರೈಸ್, ಬೆಂಗಳೂರಿನಲ್ಲೇ ಹುಟ್ಟಿದವರು. ಈ ಗೋಡೆಯ ಬದಿಯಲ್ಲಿ ಗೈಡು, ಕುಂಜಿ, ಹಳೇ ಪ್ರಶ್ನೆಪತ್ರಿಕೆ ಕೊಂಡು ಪಾಸಾದವನು ನಾನು. ತಲೆ ಎತ್ತಿ ಮೇಲೆ ನೋಡಿದ್ದು ಅವತ್ತು. ಪೇಟೆಗೆ ಹೋಗುವವರ ಕಣ್ಣು ಯಾವಾಗಲೂ ಬೆಲೆಯ ಚೀಟಿಯ ಎತ್ತರದಲ್ಲಿರುತ್ತದೆ. ಬೋರ್ಡಿನ ಮೇಲೆ ಏನಿದೆ ಎಂಬುದು ಪಾರಿವಾಳಕ್ಕೂ ವಿದ್ಯುತ್ ಇಲಾಖೆಯ ಲೈನ್‌ಮನ್ನಿಗೂ ಮಾತ್ರ ಗೊತ್ತು.

ದೊಡ್ಡಪೇಟೆ ಚೌಕಕ್ಕೆ ಬರುವ ಹೊತ್ತಿಗೆ ಅಂಗಡಿಗಳೆಲ್ಲ ತೆರೆದಿದ್ದವು. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಕೂಡುವ ಜಾಗ ಇದು. 1537ರಲ್ಲಿ ಕೆಂಪೇಗೌಡರು ನಾಲ್ಕು ಜೊತೆ ಎತ್ತು ಕಟ್ಟಿಸಿ ಇಲ್ಲಿಂದಲೇ ನಾಲ್ಕೂ ದಿಕ್ಕಿಗೆ ನೇಗಿಲು ಹೂಡಿಸಿದರೆಂದು, ನೇಗಿಲ ಗೆರೆಯೇ ಬೀದಿಯಾಯಿತೆಂದು ಪ್ರತೀತಿ. "ಕರೆಕ್ಟಾಗಿ ಮಧ್ಯ ನಿಂತ್ಕೊಳಿ ಸಾರ್. ನಾಲ್ಕೂ ಕಡೆ ನೋಡಿ. ಫೀಲ್ ಆಗುತ್ತೆ" ಎಂದಳು. ನಿಂತೆ. ಫೀಲಾದದ್ದು ಬೆನ್ನಿಗೆ ಆಟೋ ಹಾರನ್ನು. ಅವಳು ನಕ್ಷೆ ಬಿಡಿಸಿ ಹಿಡಿದು, ಒಂದು ಅಂಗಡಿಯ ಮೂಲೆಯತ್ತ ಬೆರಳು ತೋರಿಸಿ ಏನೋ ವಿವರಿಸುತ್ತಿದ್ದಳು. ನಾನು ಕನ್ನಡಕ ಮೂಗಿಗೇರಿಸಿ, ಕೈ ಹಿಂದೆ ಕಟ್ಟಿ, ಗಂಭೀರವಾಗಿ ಹೂಂಗುಡುತ್ತಿದ್ದೆ.

ಅಷ್ಟೇ ಸಾಕಾಯಿತು. ಮೊದಲು ಒಬ್ಬರು ಗಲ್ಲಾ ಬಿಟ್ಟು ಎದ್ದರು. ಆಮೇಲೆ ಪಕ್ಕದಂಗಡಿಯವರು. ಲೆಕ್ಕದ ಪುಸ್ತಕ, ರಸೀದಿ ಪುಸ್ತಕ ಮಾರುವ ಅಂಗಡಿಯ ಹಿರಿಯರೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಸಾರ್, ಸರ್ವೆನಾ?"

ಈ ರಸ್ತೆಯವರಿಗೆ ಅಗಲೀಕರಣದ ಹೆಸರು ಕೇಳಿದರೆ ನಿದ್ದೆ ಬರುವುದಿಲ್ಲ. ನಕ್ಷೆ ಹಿಡಿದ ಹುಡುಗಿ, ಕೈ ಕಟ್ಟಿ ನಿಂತ ನರೆಗೂದಲಿನವನು, ಮೂಲೆಯತ್ತ ಬೆರಳು. ಇನ್ನೇನು ಬೇಕು? ನಾನು ಇಲ್ಲ ಇಲ್ಲ ಎನ್ನುವಷ್ಟರಲ್ಲಿ ಎಡಗಡೆಯಿಂದ "ಮಾರ್ಕಿಂಗ್ ಯಾವತ್ತು?" ಬಂತು, ಬಲಗಡೆಯಿಂದ "ಟಿಡಿಆರ್ ಎಲ್ಲ ಬೇಡ ಸಾರ್, ಏನ್ ಮಾಡೋಣ ಅದನ್ನ ಇಟ್ಕೊಂಡು?" ಬಂತು. ಟಿಡಿಆರ್ ಎಂದರೆ ರಸ್ತೆಗೆ ಬಿಟ್ಟುಕೊಟ್ಟ ಜಾಗಕ್ಕೆ ದುಡ್ಡಿನ ಬದಲು ಕೊಡುವ ಕಟ್ಟಡದ ಹಕ್ಕಿನ ಕಾಗದ. ನಾವು ಬರೀ ನೋಡೋಕೆ ಬಂದವರು ಎಂದು ಹುಡುಗಿ ಹೇಳಿದಳು. ನೋಡೋಕೆ ಬಂದೆವು ಎಂದೇ ಅಧಿಕಾರಿಗಳೂ ಹೇಳುವುದರಿಂದ ಯಾರೂ ನಂಬಲಿಲ್ಲ. "ಒಳಗೆ ಬನ್ನಿ, ನೋಡೋದೇ ಆದ್ರೆ ಸರಿಯಾಗಿ ನೋಡಿ" ಎಂದು ಹಿರಿಯರು ಕರೆದುಕೊಂಡು ಹೋದರು.

ಅಂಗಡಿಯ ಮುಂಭಾಗ ಗಾಜು, ಟ್ಯೂಬ್‌ಲೈಟು. ಹಿಂದೆ ಎರಡು ಹೆಜ್ಜೆ ಹೋದರೆ ಬೇರೆಯೇ ಮನೆ. ಕಾಗದದ ಬಂಡಲುಗಳ ನಡುವೆ ತೋಳಿಗೆ ಸಿಗದಷ್ಟು ದಪ್ಪದ ಮರದ ಕಂಬ, ಕೆಳಗೆ ಕಲ್ಲಿನ ಪೀಠ. ಕಂಬದ ತಲೆಗೆ ಕೆತ್ತಿದ ಬೋದಿಗೆ, ಅದರ ಬಾಳೆಮೊಗ್ಗಿಗೆ ಯಾರೋ ಕ್ಯಾಲೆಂಡರ್ ನೇತುಹಾಕಿದ್ದರು. ಮೇಲೆ ಮದ್ರಾಸ್ ತಾರಸಿ: ಹತ್ತಿರ ಹತ್ತಿರ ಮರದ ತೊಲೆ, ತೊಲೆಗಳ ಮೇಲೆ ಅಡ್ಡ ನಿಲ್ಲಿಸಿದ ಸಣ್ಣ ಇಟ್ಟಿಗೆ, ನಡುವೆ ಸುಣ್ಣದ ಗಾರೆ. "ಮುಟ್ಟಿ ನೋಡಿ ಸಾರ್" ಎಂದು ಹಿರಿಯರು ಕಂಬಕ್ಕೆ ಅಂಗೈ ತಟ್ಟಿದರು. "ಉಗುರು ಇಳಿಯಲ್ಲ. ಏಪ್ರಿಲ್‌ನಲ್ಲೂ ಇಲ್ಲಿ ಫ್ಯಾನು ಬೇಡ. ನಮ್ಮ ತಾತ ಕೂರ್ತಿದ್ದ ಜಾಗ ಇದು. ಇದನ್ನ ಒಡೆದು ಯಾವ ಕಾರು ಓಡಿಸ್ತೀರಿ?"

ಅವರು ಮುಂದುವರಿಸಿದರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆಗಳಲ್ಲಿ ಯಾರು ಯಾರಿಗೆ ಸಾಲ ಕೊಡುತ್ತಿದ್ದರು, ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆ ರಾತ್ರಿ ಕರಗ ಹೊರಟು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವಾಗ ಅಂಗಡಿಯವರೆಲ್ಲ ಹೇಗೆ ಎಚ್ಚರವಿರುತ್ತಾರೆ, ಊರಬಾಗಿಲು ಹೋಗಿ ಕಾಲವಾದರೂ ಹಲಸೂರು ಗೇಟ್ ಪೊಲೀಸ್ ಠಾಣೆ ಹೇಗೆ ಇನ್ನೂ ಇಲ್ಲದ ಗೇಟನ್ನು ಕಾಯುತ್ತಿದೆ, ಎಲ್ಲವೂ ಬಂತು. ನಮ್ಮನ್ನು ಅಂಗಡಿ ಒಡೆಸಲು ಬಂದವರೆಂದು ತಿಳಿದೇ ಅವರು ಇಷ್ಟು ಪ್ರೀತಿಯಿಂದ ಊರನ್ನು ತೋರಿಸಿದ್ದು. ಹುಡುಗಿ ನಕ್ಷೆ ಮಡಿಸಿ ಚೀಲಕ್ಕೆ ಹಾಕಿದ್ದಳು. ಕಂಬಕ್ಕೆ ಒರಗಿ, ಕಣ್ಣರಳಿಸಿ ಅವಳೇ ಹೂಂಗುಡುತ್ತಿದ್ದಳು. ನನ್ನ ಕುತ್ತಿಗೆಗೆ ಬಿಡುವು ಸಿಕ್ಕಿತು. ಸ್ಟೀಲ್ ಲೋಟದಲ್ಲಿ ಕಾಫಿ ಬಂತು.

ಹಾಗೆಂದು ಗೈಡ್ ಬೇಡ ಎನ್ನಲಾರೆ. ಆ ಹುಡುಗಿ ನಕ್ಷೆ ಬಿಡಿಸಿ ನಡುರಸ್ತೆಯಲ್ಲಿ ನಿಲ್ಲಿಸದಿದ್ದರೆ ಆ ಕಂಬದವರೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಇಸವಿಗಳು ಅವಳಲ್ಲಿದ್ದವು, ಕಂಬ ಅಂಗಡಿಯವರಲ್ಲಿತ್ತು. ಕೊಟ್ಟ ದುಡ್ಡಿಗೆ ಎರಡೂ ಸಿಕ್ಕಿದ್ದು ನನ್ನ ಪುಣ್ಯ. ನೀವು ಯಾವ ಊರಿನವರೇ ಆಗಿರಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರದವರೋ, ಕಲಬುರಗಿಯ ಕೋಟೆಯ ಬದಿಯವರೋ, ಪರದೇಶದ ಪಟ್ಟಣಗಳಲ್ಲಿ ಬಾವುಟ ಹಿಡಿದ ಗೈಡ್ ಹಿಂದೆ ಓಡುವ ಮೊದಲು ಒಂದು ಬೆಳಗ್ಗೆ ನಿಮ್ಮೂರಿನ ಪೇಟೆಯನ್ನು ದುಡ್ಡು ಕೊಟ್ಟು ನೋಡಿ. ಭಾನುವಾರ ಬೇಡ, ಶಟರುಗಳು ಎಳೆದಿರುತ್ತವೆ. ಸಾಮಾನಿನ ಚೀಟಿ ಮನೆಯಲ್ಲೇ ಬಿಡಿ, ತಲೆ ಎತ್ತಿ ನಡೆಯಿರಿ. ಯಾರಾದರೂ ಬಂದು "ಸರ್ವೆನಾ?" ಎಂದು ಕೇಳಿದರೆ ಅಲ್ಲ ಅಂತಲೇ ಹೇಳಿ. ಕಾಫಿ ಬಂದ ಮೇಲೆ ಹೇಳಿದರೂ ನಡೆಯುತ್ತದೆ.