ಎಫ್6 ಮುಹೂರ್ತ

ನಾಟಿ ವೈದ್ಯನಿಗೂ ಮನೆತನದಲ್ಲಿ ‘ಕಂಪ್ಯೂಟರ್ ಗೊತ್ತಿರುವವನು’ ಎನಿಸಿಕೊಂಡವನಿಗೂ ಸರ್ಟಿಫಿಕೇಟ್ ಬೇಕಿಲ್ಲ. ಒಮ್ಮೆ ಕೈಗುಣ ತೋರಿದರೆ ಸಾಕು, ಜನ್ಮವಿಡೀ ರೋಗಿಗಳು ಬರುತ್ತಾರೆ. ನನ್ನ ಕೈಗುಣ ಪ್ರಕಟವಾದದ್ದು ಸಾಗರದಲ್ಲಿ, ಭಾವನ ಪ್ರೆಸ್ಸಿನ ಮೌಸ್ ವಯರು ಸಡಿಲಾಗಿದ್ದನ್ನು ಒತ್ತಿ ಕೂರಿಸಿದಾಗ. ಅಲ್ಲಿಂದೀಚೆಗೆ ಆ ಪ್ರೆಸ್ಸಿನಲ್ಲಿ ಕರೆಂಟು ಕುಡಿಯುವ ಯಾವುದಕ್ಕೆ ಕೆಮ್ಮು ಬಂದರೂ ನನಗೇ ಫೋನು. ನಾನು ಕಾಲೇಜಿನಲ್ಲಿ ಪಾಠ ಹೇಳುವುದು ಇತಿಹಾಸ. ಭಾವನ ‘ಸಿಪಿಯು’ ನೋಡಿದವರಿಗೆ ಇದು ತೀರಾ ಬೇರೆ ವಿಷಯ ಅನ್ನಿಸಲಿಕ್ಕಿಲ್ಲ.

ವೈಶಾಖದ ಒಂದು ಗುಡುಗಿಗೆ ಅದರ ಮದರ್‌ಬೋರ್ಡ್ ಹೋಯಿತು, ಹಾರ್ಡ್‌ಡಿಸ್ಕ್ ಉಳಿಯಿತು. ಡಿಸ್ಕಿನಲ್ಲಿ ವಿಂಡೋಸ್ ಎಕ್ಸ್‌ಪಿ, ಅದರ ಮೇಲೆ ಪೇಜ್‌ಮೇಕರ್, ಅದರೊಟ್ಟಿಗೆ ಕನ್ನಡ ಫಾಂಟುಗಳ ಒಂದು ಹಳೆಯ ಪ್ಯಾಕೇಜು. ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್‌ನಲ್ಲಿ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದರ ಉತ್ತರಕ್ರಿಯೆಯನ್ನೂ ಮುಗಿಸಿತ್ತು. ತಾಲ್ಲೂಕಿನ ಅರ್ಧ ಉತ್ತರಕ್ರಿಯೆಗಳಿಗೆ ಕಾರ್ಡು ಹೊಡೆದ ಭಾವನಿಗೆ ಈ ಕಾರ್ಡು ಮಾತ್ರ ತಲುಪಿರಲಿಲ್ಲ.

ಫಾಂಟಿನ ಪ್ಯಾಕೇಜಿಗೆ ಒಂದು ಲಾಕು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ 25 ಪಿನ್ನಿನ ಸಣ್ಣ ಪೆಟ್ಟಿಗೆ. ಅದು ಇದ್ದರೆ ಕನ್ನಡ, ಇಲ್ಲದಿದ್ದರೆ ಇಲ್ಲ. ಈಗಿನ ಬೋರ್ಡುಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿಗೆ ಹಾಕಿ ಹಳೆಯ ಪ್ರಿಂಟರ್ ಜೋಡಿಸುವ ವಯರೊಂದನ್ನು ತರಿಸಿದೆವು. ಅದು ಪ್ರಿಂಟರನ್ನು ಮಾತ್ರ ಮಾತಾಡಿಸುತ್ತದೆ, ಲಾಕನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕೊನೆಗೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ‘ಹೊಸ’ ಬೋರ್ಡು ಸಿಕ್ಕಿತು. ಯಾವುದೋ ಕಚೇರಿಯಲ್ಲಿ ಸೇವಾವಧಿ ಮುಗಿಸಿ ಬಂದದ್ದು, ಆದರೆ ಪ್ರಿಂಟರ್ ಪೋರ್ಟೂ ಫ್ಲಾಪಿ ಜೋಡಿಸುವ ಜಾಗವೂ ಇದ್ದ ಕುಲೀನ ವಂಶ. ಕೊಡುವಾಗ ಅಂಗಡಿಯ ಹುಡುಗ, “ಫಾರ್ಮ್ಯಾಟ್ ಹೊಡೆದುಬಿಡಿ ಸಾರ್, ಎಲ್ಲ ಸರಿ ಆಗುತ್ತೆ” ಎಂದ. ಈ ‘ಹೊಡೆದುಬಿಡಿ’ಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವರಿಗೆ ತಲೆನೋವು ಅಂದರೆ ತಲೆಯನ್ನೇ ತೆಗೆದುಬಿಡಿ ಎನ್ನುತ್ತಾರೆ, ಮತ್ತೆ ಅದಕ್ಕೆ ಐನೂರು ರೂಪಾಯಿ ಬೇರೆ.

ಹಳೆಯ ಡಿಸ್ಕು, ಹೊಸ ಬೋರ್ಡು, ಪವರ್. ಎಕ್ಸ್‌ಪಿಯ ಲಾಂಛನ ಬಂತು. ಕೆಳಗೆ ನೀಲಿ ಚೂರುಗಳು ಓಡಿದವು. ಭಾವ “ಬಂತು, ಬಂತು” ಅನ್ನುವಷ್ಟರಲ್ಲಿ ಪರದೆಯ ಮೇಲೆ ಏನೋ ನೀಲಿಯಾಗಿ ಮಿಂಚಿ, ಎಲ್ಲ ಮೊದಲಿಂದ ಶುರು. ಆ ಮಿಂಚಿನಲ್ಲಿ ಬರೆದದ್ದನ್ನು ಓದಲು ಮನುಷ್ಯರಿಗೆ ಸಾಧ್ಯವಿರಲಿಲ್ಲ. ಪ್ರೆಸ್ಸಿನ ಹುಡುಗ ಮೊಬೈಲಿನಲ್ಲಿ ವಿಡಿಯೊ ಹಿಡಿದು, ನಿಲ್ಲಿಸಿ, ಹಿಗ್ಗಿಸಿ ತೋರಿಸಿದ: ಸ್ಟಾಪ್, ಸೊನ್ನೆಗಳ ಒಂದು ಮೆರವಣಿಗೆ, ಬಾಲದಲ್ಲಿ 7ಬಿ.

7ಬಿ ಅಂದರೆ, ತಾನು ಯಾವ ಡಿಸ್ಕಿನಿಂದ ಎದ್ದು ಬಂತೋ ಆ ಡಿಸ್ಕೇ ತನಗೆ ಕಾಣುತ್ತಿಲ್ಲ ಎಂದು ವಿಂಡೋಸ್ ಕೊಡುವ ದೂರು. ಮೊದಲ ಕೆಲವು ಹೆಜ್ಜೆ ಬಯಾಸ್ ಕೈಹಿಡಿದು ನಡೆಸುತ್ತದೆ. ಆಮೇಲೆ ವಿಂಡೋಸ್ ತನ್ನದೇ ಡ್ರೈವರಿನಿಂದ ಡಿಸ್ಕನ್ನು ಓದಬೇಕು. ಹೊಸ ಬೋರ್ಡು ಡಿಸ್ಕನ್ನು ನಡೆಸುತ್ತಿದ್ದದ್ದು ಎಎಚ್‌ಸಿಐ ಎಂಬ ಕ್ರಮದಲ್ಲಿ. ಎಕ್ಸ್‌ಪಿ ಹುಟ್ಟುವಾಗ ಆ ಕ್ರಮವೇ ಇರಲಿಲ್ಲ, ಹಾಗಾಗಿ ಅದರ ಡ್ರೈವರೂ ಒಳಗಿಲ್ಲ. ಡ್ರೈವರ್ ಹಾಕೋಣವೆಂದರೆ ಡಿಸ್ಕು ಕಾಣಬೇಕು, ಡಿಸ್ಕು ಕಾಣಲು ಡ್ರೈವರ್ ಬೇಕು. ಇದಕ್ಕೆ ಎಕ್ಸ್‌ಪಿಯನ್ನು ಕಟ್ಟಿದವರು ಇಟ್ಟ ಕಿಂಡಿ ಒಂದೇ: ಸಿ.ಡಿ.ಯಿಂದ ರಿಪೇರಿ ಶುರು ಮಾಡಿ, ಎಫ್6 ಒತ್ತಿ, ಡ್ರೈವರನ್ನು ಎ ಡ್ರೈವಿನಿಂದ, ಅಂದರೆ ಫ್ಲಾಪಿಯಿಂದ, ಉಣಿಸುವುದು.

ಫ್ಲಾಪಿ! ಸೋನಿಯಂಥ ಕಂಪನಿಯೇ 2011ರಲ್ಲಿ ಅದರ ಮಾರಾಟ ನಿಲ್ಲಿಸಿದ ಮೇಲೆ ಸಾಗರದ ಪೇಟೆಯಲ್ಲಿ ಎಲ್ಲಿ ಹುಡುಕುವುದು? ಮೊಮ್ಮಗನ ಉಪನಯನದ ಕಾರ್ಡಿನ ಪ್ರೂಫ್ ನೋಡಲು ಬಂದು ಕೂತಿದ್ದ ಭಟ್ಟರು ಆಗ ಗಂಟಲು ಸರಿಮಾಡಿಕೊಂಡರು. ಅವರ ಮನೆಯಲ್ಲಿ ಒಂದಿದೆಯಂತೆ. ಜಾತಕ ಹಾಕುವ ಪ್ರೋಗ್ರಾಂ ಇದ್ದದ್ದು, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟದ್ದು. ತಂದರು. ಕಾಲೇಜಿನ ಲ್ಯಾಬಿನ ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಕಂಪ್ಯೂಟರಿನಲ್ಲಿ ನಾನು ಅದರೊಳಗೆ ಡ್ರೈವರ್ ತುಂಬಿಸಿಕೊಂಡು ಬಂದೆ. 1.44 ಎಂಬಿಯಲ್ಲಿ ಜಾತಕಕ್ಕೂ ಡ್ರೈವರಿಗೂ ಒಟ್ಟಿಗೆ ಜಾಗವಿರಲಿಲ್ಲ. ಆ ಮಾತನ್ನು ಆಗ ಎತ್ತುವುದು ಬೇಡವೆನಿಸಿತು.

ಇನ್ನು ಎಫ್6. ಸಿ.ಡಿ. ತಿರುಗಿದ ಮೇಲೆ ನೀಲಿ ಪರದೆ ಬರುತ್ತದೆ. ಅದರ ಬುಡದ ಮಾಸಲು ಪಟ್ಟಿಯಲ್ಲಿ, ಬೇರೆಯವರ ಡ್ರೈವರ್ ಹಾಕುವುದಿದ್ದರೆ ಎಫ್6 ಒತ್ತಿ ಎಂಬ ಸಾಲು ಕೆಲವು ಸೆಕೆಂಡು ಕಾಣಿಸಿ ಮಾಯವಾಗುತ್ತದೆ. ತಪ್ಪಿದರೆ ಮತ್ತೆ ಮೊದಲಿಂದ. ಇಷ್ಟು ವಿವರಿಸಿದ್ದೇ ತಪ್ಪಾಯಿತು. ಭಟ್ಟರಿಗೆ ಇದು ತಮ್ಮ ಕ್ಷೇತ್ರವೆಂದು ಖಾತ್ರಿಯಾಯಿತು. ಕೆಲವೇ ಸೆಕೆಂಡಿನ ಶುಭಘಳಿಗೆ, ಮೀರಿದರೆ ಫಲವಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಬೈಂಡಿಂಗಿನ ಅಕ್ಕ ಸೂಜಿ ಬಿಟ್ಟು ಬಂದಳು. ಭಾವ ಸ್ವಿಚ್‌ಬೋರ್ಡಿನ ಬಳಿ ನಿಂತರು, ಕರೆಂಟು ಹೋದರೆ ತಾವು ಹಿಡಿದು ನಿಲ್ಲಿಸುವವರಂತೆ. ಕೀಲಿ ಒತ್ತುವ ಅಧಿಕಾರ ಹುಡುಗನಿಗೆ, ಅವನ ಬೆರಳು ಚುರುಕು ಎಂಬ ಕಾರಣಕ್ಕೆ. ಪ್ರೆಸ್ಸಿನ ಕೀಬೋರ್ಡು ಮೈದಾ ಅಂಟಿನಲ್ಲಿ ಮಿಂದದ್ದು. ಎಫ್6 ಕೀಲಿಯನ್ನು ಹುಟ್ಟಿದಾರಭ್ಯ ಯಾರೂ ಮುಟ್ಟಿರಲಿಲ್ಲವಾಗಿ ಅದು ಅಲ್ಲೇ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಚ್ಚಿ ಬಿಡಿಸಿದೆವು.

“ನಾನು ‘ಹೂಂ’ ಅಂದಾಗ ಒತ್ತು” ಎಂದರು ಭಟ್ಟರು.

“ಹೂಂ ಅಂದಮೇಲೋ, ಅನ್ನೋವಾಗ್ಲೋ?”

“ಅನ್ನೋವಾಗ.”

ಪರದೆ ನೀಲಿಯಾಯಿತು. ಸಾಲು ಮೂಡಿತು. “ಹೂಂ!” ಎಂದರು. ಕರೆಂಟು ಹೋಯಿತು.

ಕರೆಂಟು ಬಂದಮೇಲೆ ಪುನಃ. ಈ ಸಲ ಭಟ್ಟರ ಹೂಂಕಾರಕ್ಕೆ ಹುಡುಗ ಒತ್ತಿಯೇ ಒತ್ತಿದ. ನಂತರ ಏನಾಗುತ್ತದೆ ಎಂದರೆ, ಏನೂ ಆಗುವುದಿಲ್ಲ. ಎಫ್6ರ ಮಹಿಮೆಯೇ ಅದು. ಟಿಣ್ ಎನ್ನುವುದಿಲ್ಲ, ಒತ್ತಿದ್ದಕ್ಕೆ ರಸೀದಿ ಕೊಡುವುದಿಲ್ಲ; ತನ್ನ ಪಾಡಿಗೆ ತಾನು ಫೈಲುಗಳ ಹೆಸರು ಜಪಿಸುತ್ತ ಹೋಗುತ್ತದೆ.

“ಒತ್ತಿದ್ನಾ?” ಎಂದರು ಭಾವ.

“ಒತ್ತಿದ.”

“ಏನೂ ಆಗ್ಲಿಲ್ವಲ್ಲ ಮಾರಾಯ.”

“ಒತ್ತಿದ್ರೆ ಈಗ್ಲೇ ಏನೂ ಆಗೋದಿಲ್ಲ ಭಾವ.”

“ಒತ್ತದಿದ್ರೆ?”

“ಆಗ್ಲೂ ಏನೂ ಆಗೋದಿಲ್ಲ.”

“ಹಂಗಾದ್ರೆ ಎಂತಕ್ಕೆ ಒತ್ತೋದು?”

ನನ್ನಲ್ಲಿ ಉತ್ತರವಿರಲಿಲ್ಲ. ಭಟ್ಟರಲ್ಲಿತ್ತು. “ಸಂಧ್ಯಾವಂದನೆ ಎಂತಕ್ಕೆ ಅಂತ ಮೊಮ್ಮಗನೂ ಇದನ್ನೇ ಕೇಳ್ತಾನೆ” ಎಂದು ಹೇಳಿ ಪರದೆಯಿಂದ ಕಣ್ಣು ಕೀಳದೆ ಕೂತರು. ನಾವೂ ಕೂತೆವು. ಬೈಂಡಿಂಗಿನ ಅಕ್ಕ ಬೇಸತ್ತು ಎದ್ದು ಹೋದ ಸ್ವಲ್ಪ ಹೊತ್ತಿಗೆ ಜಪ ನಿಂತು, ಎ ಡ್ರೈವಿಗೆ ಡಿಸ್ಕ್ ಹಾಕಿ ಎಂಬ ಅಪ್ಪಣೆ ಮೂಡಿತು. ಭಾವ ಕೈಮುಗಿದರು. ಯಾರಿಗೆ ಎಂದು ಕೇಳಲಿಲ್ಲ. ಫ್ಲಾಪಿ ಡ್ರೈವು ಕರ್ರೋ ಕರ್ರೋ ಎಂದಿತು. ಆ ಸದ್ದು ಕೇಳದೆ ಎಷ್ಟು ಕಾಲವಾಗಿತ್ತೋ, ನನಗೆ ಗಂಟಲು ಕಟ್ಟಿತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಎಕ್ಸ್‌ಪಿ ಎದ್ದಿತು. ಪರದೆಯಲ್ಲಿ ಎಲ್ಲವೂ ಅಂಗೈ ಅಗಲ, ಗ್ರಾಫಿಕ್ಸ್ ಡ್ರೈವರ್ ಇಲ್ಲದ್ದರಿಂದ. “ಹೀಗೇ ಇರ್ಲಿ, ಕನ್ನಡಕ ಬೇಡ” ಎಂದರು ಭಾವ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿದ್ದವು. ನೆಟ್‌ವರ್ಕ್ ಡ್ರೈವರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಂಟರ್ನೆಟ್ಟಿಗೆ ನೆಟ್‌ವರ್ಕ್ ಡ್ರೈವರ್ ಬೇಕು. ಆ ಸುಖವನ್ನೂ ಪಟ್ಟೆವು. ಗುರುತಿಲ್ಲದ ಒಂದೊಂದು ಬಿಡಿಭಾಗಕ್ಕೂ ತಯಾರಕರ ಸಂಖ್ಯೆಯೊಂದಿರುತ್ತದೆ, ಅದನ್ನು ಹಿಡಿದು ಮೂಲ ಹುಡುಕಬೇಕು. ಇಂಟೆಲ್ ತನ್ನ ಸಂಖ್ಯೆಯಾಗಿ 8086 ಅನ್ನೇ ಇಟ್ಟುಕೊಂಡಿದೆ, ತನ್ನ ಹಳೆಯ ಪ್ರೊಸೆಸರಿನ ಹೆಸರು. ಭಟ್ಟರು “ಗೋತ್ರ ಇದ್ದ ಹಾಗಾಯ್ತು” ಎಂದು ತಲೆಯಾಡಿಸಿದರು. ಭಾವ ಆಸೆಪಟ್ಟು ಹಾಕಿಸಿದ್ದ 4 ಜಿಬಿ ರ‍್ಯಾಮಿನಲ್ಲಿ 32 ಬಿಟ್ಟಿನ ಎಕ್ಸ್‌ಪಿ ಮೂರು ಚಿಲ್ಲರೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಉಳಿದದ್ದನ್ನು ಅಂಗಡಿಯವನು ನುಂಗಿದ ಎಂಬ ಅವರ ನಂಬಿಕೆ ಇಂದಿಗೂ ಅಲುಗಿಲ್ಲ.

ಲಾಕು ಕೆಲಸ ಮಾಡುತ್ತದೆಯೇ ಎಂದು ನೋಡಲು ಕೈಗೆ ಸಿಕ್ಕ ಒಂದು ಫೈಲು ತೆರೆದೆ. ಪಕ್ಕದ ಹಳ್ಳಿಯ ಮೇಷ್ಟರೊಬ್ಬರ ಪದ್ಯಗಳು. ದುಡ್ಡು ಹೊಂದಿಸಿಕೊಂಡು ಬರುತ್ತೇನೆ ಎಂದು ಪ್ರೂಫ್ ನೋಡಿ ಹೋದವರು, ಬರಲಿಲ್ಲ. ಆಮೇಲೆ ಅವರ ಮಗ ವೈಕುಂಠ ಸಮಾರಾಧನೆಯ ಕಾರ್ಡಿಗೆ ಬಂದ. ಆ ಪದ್ಯಗಳು ಇರುವುದು ಇದೊಂದೇ ಡಿಸ್ಕಿನಲ್ಲಿ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದೆ ತೆರೆದರೆ ಉಳಿಯುವುದು ಕಸ: ನುಡಿಯಲ್ಲಿ ಮಾಡಿದ್ದಾದರೆ ‘ನ’ ಬರುವಲ್ಲೆಲ್ಲ ಬ್ರಿಟಿಷ್ ಪೌಂಡಿನ ಗುರುತು. ನುಡಿ, ಬರಹದಂಥವನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ. ಭಾವನ ಪ್ಯಾಕೇಜಿಗೆ ನಮಗೆ ಯಾವುದೂ ಸಿಗಲಿಲ್ಲ. ಬಳ್ಳಿಗಾವಿಯ ಶಾಸನಕ್ಕೆ ಲಿಪಿ ಬಲ್ಲ ಒಂದು ಜೊತೆ ಕಣ್ಣು ಸಾಕು. ಈ ಮೇಷ್ಟರನ್ನು ಓದಬೇಕಾದರೆ ಒಂದು ಲಾಕು, ಒಂದು ಪೋರ್ಟು, ಸತ್ತ ಒಂದು ವಿಂಡೋಸು ಎಲ್ಲ ಒಟ್ಟಿಗೆ ಬದುಕಿರಬೇಕು. ಫಾರ್ಮ್ಯಾಟ್ ಹೊಡೆಯುವವರಿಗೆ ಇದನ್ನು ಯಾರು ಹೇಳುವುದು? ಅಷ್ಟೂ ಪುಟ ಪ್ರಿಂಟ್ ಹಾಕಿಸಿದೆ. ಭಾವ ಕಾಗದದ ಲೆಕ್ಕ ಎತ್ತಲಿಲ್ಲ.

ಸಂಜೆ ಬೆಂಗಳೂರಿನಿಂದ ಅಕ್ಕನ ಮಗನ ಫೋನು. ವಿಷಯವೆಲ್ಲ ಕೇಳಿ ನಕ್ಕು, “ಮಾವ, ಬಯಾಸ್‌ನಲ್ಲಿ ಎಎಚ್‌ಸಿಐ ತೆಗೆದು ಐಡಿಇ ಅಂತ ಮಾಡಿದ್ರೆ ಮುಗೀತಿತ್ತಲ್ಲ, ಫ್ಲಾಪಿ ಎಂತಕ್ಕೆ?” ಎಂದ. ಎಲ್ಲ ಮುಗಿದ ಮೇಲೆ ಬರುವ ಬುದ್ಧಿವಂತರ ಪೈಕಿ ಎಂಜಿನಿಯರುಗಳು ಅತಿ ಕ್ರೂರಿಗಳು. ಹಳೆಯ ಬೋರ್ಡು ಬೇರೆ ಚಿಪ್‌ಸೆಟ್ಟಿನದು, ರಿಜಿಸ್ಟ್ರಿಯಲ್ಲಿ ಅದರದೇ ಐಡಿಇ ಡ್ರೈವರ್ ಕೂತಿರುತ್ತದೆ, ಬರೀ ಐಡಿಇ ಮಾಡಿದರೂ 7ಬಿ ಬರಬಹುದು ಎಂದು ನಾನು ಗಟ್ಟಿಯಾಗಿಯೇ ವಾದಿಸಿದೆ. ಇದು ಸತ್ಯ. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು. “ಬರಬಹುದು ಅಂದ್ರೆ, ನೀನು ಮಾಡಿ ನೋಡಿದ್ಯಾ?” ಎಂದರು ಭಾವ. ಸಿ.ಡಿ.ಯ ಮೇಲೆ ಧೂಳಿತ್ತು, ಅದನ್ನು ಒರೆಸತೊಡಗಿದೆ.

ಭಟ್ಟರು ಪ್ರೂಫ್ ಒಪ್ಪಿಸಿ ಎದ್ದರು. ಫ್ಲಾಪಿಗೆ ಕೈಚಾಚಿದರು.

“ಅದನ್ನ ಹಾಕ್ಲಿಕ್ಕೆ ನಿಮ್ಮನೇಲಿ ಡ್ರೈವ್ ಇದ್ಯಾ ಭಟ್ರೇ?” ಎಂದೆ, ಆದಷ್ಟು ಸಹಜವಾಗಿ.

“ಇಲ್ಲ. ಆದ್ರೂ ಜಾತಕ ಇರೋದು, ಮನೇಲೇ ಇರ್ಬೇಕು.”

ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದರು. ಅವರು ಮೆಟ್ಟಿಲಿಳಿದ ಮೇಲೆ ಭಾವ ನನ್ನ ಕಿವಿಯ ಬಳಿ ಬಂದು, “ಇನ್ನೊಂದ್ಸಲ ಕೆಟ್ರೆ ಅವರ ಮನೆಗೇ ಹೋಗ್ಬೇಕಲ್ಲ ಮಾರಾಯ. ಕಾರ್ಡಿನ ಬಿಲ್ಲಲ್ಲಿ ಏನಾದ್ರೂ ಬಿಡ್ಲಾ?” ಎಂದರು.