ಪುಟ್ಟ ಪೆಟ್ಟಿಗೆಯ ಪಂಚಾಯಿತಿ

ಕಂಪ್ಯೂಟರಿನ ಒಳಗಿನ ಸಾಮಾನೆಲ್ಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಬಂತು, ಅದನ್ನಿಡುವ ಕ್ಯಾಬಿನೆಟ್ ಮಾತ್ರ ಹಾಗೇ ಉಳಿಯಿತು. ಫ್ಲಾಪಿ ಯಾವ ಕಾಲದಲ್ಲೋ ಹೋಯಿತು, ಅದರ ಹಿಂದೆಯೇ ಡಿವಿಡಿ ಡ್ರೈವೂ ಹೋಯಿತು. ಇಟ್ಟಿಗೆಯಂತಿದ್ದ ಹಾರ್ಡ್ ಡಿಸ್ಕಿನ ಜಾಗಕ್ಕೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಂ.2 ಪಟ್ಟಿ ಬಂತು. ಈಗ ಮೇಜಿನ ಕೆಳಗೆ ಕಾಲಿಗೆ ತಾಗುತ್ತಾ ನಿಂತಿರುವ ಆ ಟವರಿನಲ್ಲಿ ಮುಕ್ಕಾಲು ಪಾಲು ಗಾಳಿ, ಉಳಿದದ್ದರಲ್ಲಿ ಧೂಳೇ ಹೆಚ್ಚು.

ಇಷ್ಟೆಲ್ಲ ಲೆಕ್ಕ ಹಾಕಿ ಹಳೇ ಕ್ಯಾಬಿನೆಟ್ಟನ್ನು ಹಿತ್ತಲಿಗೆ ತಂದಿಟ್ಟದ್ದೇ ತಡ, ಕಾಂಪೌಂಡಿನ ಆಚೆಯಿಂದ ರಾಯರ ತಲೆ ಕಾಣಿಸಿತು.

"ಅಲ್ಲಯ್ಯಾ, ಇಷ್ಟು ಗಟ್ಟಿ ತಗಡು! ಗುಜರಿಗೆ ಹಾಕ್ತೀಯಾ?"

"ದೊಡ್ಡದಾಯ್ತು ರಾಯರೇ. ನಲವತ್ತು ಲೀಟರಿದೆ. ಹತ್ತು ಲೀಟರಿಂದಕ್ಕೆ ಇಳಿಸ್ತಿದ್ದೀನಿ."

"ಲೀಟರಾ? ಕಂಪ್ಯೂಟರೋ, ಹಾಲಿನ ಕ್ಯಾನೋ?"

ಪುಟ್ಟ ಕೇಸಿನ ಹುಚ್ಚಿರುವವರು ಅಳೆಯುವುದು ಲೀಟರಿನಲ್ಲೇ. ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಎಂಬ ಕೇಸ್ ಅವರ ನಡುವೆ ಹೆಸರುವಾಸಿಯಾದದ್ದು, 7.2 ಲೀಟರಿನಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೂ ಹಿಡಿಸಿತೆಂಬ ಕಾರಣಕ್ಕೆ. ಆದರೆ ಕೇಸ್ ಕುಗ್ಗಬೇಕಾದರೆ ಮೊದಲು ಮದರ್‌ಬೋರ್ಡ್ ಕುಗ್ಗಬೇಕು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಬೋರ್ಡಿನ ಅಳತೆ 305ಕ್ಕೆ 244 ಮಿ.ಮೀ. ತೈವಾನಿನ ವಿಯಾ ಕಂಪನಿ 2001ರಲ್ಲಿ ತಂದ ಮಿನಿ-ಐಟಿಎಕ್ಸ್ 170ಕ್ಕೆ 170, ಅಂದರೆ ಒಂದು ಚಪಾತಿಯಷ್ಟಗಲ. ಜಾಗ ಅರ್ಧಕ್ಕಿಂತ ಕಡಿಮೆಯಾದ ಮೇಲೆ ಒಂದಿಷ್ಟು ಬಿಟ್ಟುಕೊಡಲೇಬೇಕು: ರ‍್ಯಾಮ್ ಸ್ಲಾಟು ಸಾಮಾನ್ಯವಾಗಿ ಎರಡೇ, ಕಾರ್ಡ್ ಹಾಕಲು ಒಂದೇ.

"ಹಾಗಾದ್ರೆ ಬೆಲೇನೂ ಅರ್ಧ ಆಗಿರ್ಬೇಕು" ಅಂದರು ರಾಯರು.

ಅದೊಂದು ಆಗುವುದಿಲ್ಲ ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿ. "ಮಿನಿ-ಐಟಿಎಕ್ಸ್ ಇದೆಯಾ?" ಅಂದರೆ ಅಂಗಡಿಯವನು ತಲೆ ಎತ್ತದೆಯೇ "ಸ್ಟಾಕ್ ಇಲ್ಲ ಸಾರ್, ಮೈಕ್ರೋ ಎಟಿಎಕ್ಸ್ ತಗೊಳ್ಳಿ, ಸೇಮ್ ಕೆಲಸ" ಅನ್ನುತ್ತಾನೆ. ಸಿಕ್ಕ ಕಡೆ ಬೆಲೆ ಜಾಸ್ತಿ. ಪವರ್ ಸಪ್ಲೈ ಕಥೆಯೂ ಅದೇ: ಅಷ್ಟೇ ವ್ಯಾಟಿನ ಪುಟ್ಟ ಎಸ್‌ಎಫ್‌ಎಕ್ಸ್ ಯೂನಿಟ್ಟಿಗೆ ದೊಡ್ಡದಕ್ಕಿಂತ ಹೆಚ್ಚು ತೆರಬೇಕು. ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆ ಹೆಚ್ಚು.

"ಸಣ್ಣದಾದ್ರೆ ಸದ್ದೂ ಸಣ್ಣದಾಗತ್ತಲ್ಲ, ಬಿಡು" ಅಂತ ರಾಯರೇ ಸಮಾಧಾನ ಹೇಳಿದರು.

ಎಲ್ಲರೂ ಜಾರಿ ಬೀಳುವುದು ಇಲ್ಲೇ. ಸಣ್ಣ ಪೆಟ್ಟಿಗೆಗೂ ಸದ್ದಿಲ್ಲದಿರುವುದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಳಗೆ ಹೋದ ಕರೆಂಟೆಲ್ಲ ಶಾಖವಾಗಿಯೇ ಹೊರಬರಬೇಕು, ಅದನ್ನು ಹೊರದಬ್ಬಲು ಗಾಳಿ ಬೇಕು. 120 ಮಿ.ಮೀ. ಫ್ಯಾನ್ ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ತಳ್ಳುತ್ತದೆ. ಅಷ್ಟೇ ಗಾಳಿಗೆ 40 ಮಿ.ಮೀ. ಫ್ಯಾನ್ ಹಾಕಿದರೆ ಅದು ಪ್ರಾಣ ಹೋಗುವಂತೆ ತಿರುಗಿ ಗುಂಯ್‌ಗುಡುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ನಿಜ. ಸದ್ದು ಮಾತ್ರ ಹೆಚ್ಚುಕಡಿಮೆ 15 ಡೆಸಿಬೆಲ್ ಕುಸಿಯುತ್ತದೆ. ಹಾಗಾಗಿ ಗುಟ್ಟಿರುವುದು ಕೇಸಿನಲ್ಲಲ್ಲ, ವ್ಯಾಟಿನಲ್ಲಿ. ಹುಟ್ಟುವ ಶಾಖವೇ ಕಡಿಮೆಯಾದರೆ ಫ್ಯಾನು ತಾನಾಗಿ ತೆಪ್ಪಗಿರುತ್ತದೆ.

ಅದಕ್ಕೇ ನಾನು ಆರಿಸಿದ್ದು 65 ವ್ಯಾಟ್ ದರ್ಜೆಯ ಪ್ರೊಸೆಸರ್. ಇನ್ನೂ ಬಲವಾದದ್ದು ಮನೆಯಲ್ಲಿದ್ದರೆ ಅದನ್ನೂ ಬಗ್ಗಿಸಬಹುದು. ಎಎಂಡಿಯ ರೈಜನ್‌ನಲ್ಲಿ ಇಕೋ ಮೋಡ್ ಅಂತಲೇ ಇದೆ, 105 ವ್ಯಾಟಿನದನ್ನು 65ರ ಮಟ್ಟಕ್ಕೆ ಇಳಿಸುತ್ತದೆ. ಲೇಖನ ಟೈಪ್ ಮಾಡುವುದಕ್ಕೆ, ಫೋಟೋ ತಿದ್ದುವುದಕ್ಕೆ ಅದರಿಂದ ಏನೂ ಕೊರತೆಯಾಗದು. ಗೇಮ್ ಆಡದವರಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಧಾರಾಳ. ಇನ್ನು ನಿಮಿಷಕ್ಕೆ 7,200 ಸುತ್ತು ತಿರುಗುತ್ತಾ ತಗಡನ್ನೇ ನಡುಗಿಸುವ ಹಾರ್ಡ್ ಡಿಸ್ಕು. ಅದಕ್ಕೆ ಹಾಲಿನ ಶೆಲ್ಫಿನಲ್ಲಿ ರೂಟರಿನ ಪಕ್ಕ ಜಾಗ ಕೊಟ್ಟಾಯಿತು.

ಜೋಡಿಸುವ ಕೆಲಸವಿದೆಯಲ್ಲ, ಅದು ತಾಳ್ಮೆಯ ಪರೀಕ್ಷೆ. ಪ್ರೊಸೆಸರಿನ ಮೇಲೆ ಕೂರುವ ನೋಕ್ಟುವಾ ಎನ್‌ಎಚ್-ಎಲ್9 ಕೂಲರಿನ ಎತ್ತರ ಫ್ಯಾನೂ ಸೇರಿ 37 ಮಿ.ಮೀ. ಅದರ ಮೇಲಿನ ಮುಚ್ಚಳಕ್ಕೂ ಅದಕ್ಕೂ ನಡುವೆ ಒಂದು ಬೆರಳು ತೂರಿದರೆ ಹೆಚ್ಚು. ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನ ಕನೆಕ್ಟರ್ ಇರುವುದು ಬೋರ್ಡಿನ ಮೂಲೆಯಲ್ಲಿ, ಕೂಲರಿಗೂ ಪವರ್ ಸಪ್ಲೈಗೂ ನಡುವಿನ ಸಂದಿಯಲ್ಲಿ. ಅಲ್ಲಿಗೆ ಬೆರಳು ಹೋದರೆ ಕಣ್ಣಿಗೆ ಕಾಣದು, ಕಣ್ಣಿಗೆ ಕಂಡರೆ ಬೆರಳು ಹೋಗದು. ಪವರ್ ಸಪ್ಲೈ ಕೂರಿಸುವ ಮುಂಚೆಯೇ ಆ ವೈರನ್ನು 'ಟಕ್' ಅನ್ನುವಂತೆ ಒತ್ತಿಬಿಡಬೇಕು. ಆಮೇಲೆ ಅಂದರೆ ಎಲ್ಲ ಬಿಚ್ಚಬೇಕು. ತುದಿಯಲ್ಲಿ ಅಯಸ್ಕಾಂತವಿರುವ ಸ್ಕ್ರೂಡ್ರೈವರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

"ಇಷ್ಟೆಲ್ಲ ಒದ್ದಾಟ ಯಾಕಯ್ಯಾ? ಅಂಗೈಯಗಲದ್ದು ರೆಡಿಮೇಡೇ ಸಿಗತ್ತಂತೆ?"

ಸಿಗುತ್ತದೆ. ಆಪಲ್ 2005ರಲ್ಲೇ ಮ್ಯಾಕ್ ಮಿನಿ ತಂದಿತ್ತು. ಇಂಟೆಲಿನ ಎನ್‌ಯುಸಿ ಹತ್ತು ವರ್ಷ ಓಡಿತು, 2023ರಲ್ಲಿ ಇಂಟೆಲ್ ಕೈಬಿಟ್ಟು ಆಸುಸ್‌ಗೆ ವಹಿಸಿತು. ಅಂಥವುಗಳಲ್ಲಿ ಪ್ರೊಸೆಸರನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಂದು ಕೆಟ್ಟರೆ ಎಲ್ಲ ಕೆಟ್ಟಂತೆ. ನನ್ನದರಲ್ಲಿ ಕೆಟ್ಟದ್ದನ್ನಷ್ಟೇ ಬದಲಾಯಿಸಿದರಾಯಿತು. ಈ ಮಾತು ರಾಯರಿಗೆ ಹಿಡಿಸಿತು. ಅವರ ಮನೆಯ ಮಿಕ್ಸಿಗೆ ಮೋಟಾರು, ಜಾರು, ಬ್ಲೇಡು ಎಲ್ಲವೂ ಒಂದೊಂದು ಕಾಲದ್ದು.

ಕೊನೆಗೆ ಅವರದೊಂದು ಧರ್ಮಸೂಕ್ಷ್ಮದ ಪ್ರಶ್ನೆ: "ಸುತ್ತ ಬರೀ ಜಾಲರಿ. ಆಯುಧ ಪೂಜೆಗೆ ಅರಿಶಿನ ಕುಂಕುಮ ಎಲ್ಲಿಗಿಡ್ತೀಯ?"

ನ್ಯಾಯವಾದ ಮಾತು. ಜಾಲರಿಗೆ ಇಟ್ಟರೆ ಅರ್ಧ ಕುಂಕುಮ ಒಳಗೆಳೆದುಕೊಂಡು ಹೀಟ್‌ಸಿಂಕಿಗೇ ಪೂಜೆಯಾಗುತ್ತದೆ. ಮುಂದಿನ ಗಟ್ಟಿ ಪಟ್ಟಿಗೆ ಒಂದು ಬೊಟ್ಟು ಸಾಕು, ಅದೂ ಕಂಪ್ಯೂಟರ್ ಆಫ್ ಮಾಡಿ. ಧೂಳಿಗಂತೂ ನಮ್ಮೂರಲ್ಲಿ ಬರವಿಲ್ಲ. ಸಣ್ಣ ಕೇಸಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ, ಫಿಲ್ಟರನ್ನು ಆಗಾಗ ತೆಗೆದು ತೊಳೆಯಬೇಕು.

ಓದಿ ನಿಮಗೂ ಆಸೆ ಹುಟ್ಟಿದ್ದರೆ ನನ್ನದೊಂದು ಮಾತು ಕೇಳಿ. ಅಂಗಡಿಗೆ ಓಡಬೇಡಿ. ಮೊದಲು ಹಳೇ ಕ್ಯಾಬಿನೆಟ್ಟಿನ ಧೂಳು ತೆಗೆಯಿರಿ. ಬಯಾಸ್‌ಗೆ ಹೋಗಿ ಫ್ಯಾನಿನ ವೇಗ ಇಳಿಸಿ. ಪ್ರೊಸೆಸರ್ ಕ್ಷಣಕಾಲ ಬಿಸಿಯಾದಾಗಲೆಲ್ಲ ಫ್ಯಾನು ಹೌಹಾರಿ ಏಳದಂತೆ ಕೆಲವು ಸೆಕೆಂಡಿನ ತಡೆಯನ್ನೂ ಕೊಡಿ. ಒಂದೇ ಸಮನೆ ಇರುವ ಸದ್ದು ಕಿವಿಗೆ ಒಗ್ಗುತ್ತದೆ, ಏರಿಳಿಯುವುದು ಒಗ್ಗದು. ನಿಮ್ಮ ದೂರು ಸದ್ದಿನದೊಂದೇ ಆಗಿದ್ದರೆ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ, ಕಾಸೂ ಖರ್ಚಿಲ್ಲ. ಮೇಜಿನ ಜಾಗವೂ ಬೇಕೇ ಬೇಕು ಅನ್ನುವವರು ಮಾತ್ರ ಪುಟ್ಟ ಕೇಸ್ ಕೊಳ್ಳಿ. ಕೊಳ್ಳುವ ಮುಂಚೆ ಕೂಲರಿನ ಎತ್ತರವನ್ನು ಸ್ಕೇಲು ಹಿಡಿದು ಎರಡು ಸಲ ಅಳೆಯಿರಿ.