ಬೆಂಗಳೂರಣ್ಣನ ಕಾರು

ನಮ್ಮೂರು ಬೆಳಗೊಳದ ಯಾವ ಬೀದಿಗೆ ಹೋದರೂ ಒಬ್ಬ ಬೆಂಗಳೂರಣ್ಣ ಸಿಗುತ್ತಾನೆ. ಮೊದಲು ಕಾಣುವುದು ಅವನಲ್ಲ, ಬೀದಿಯ ಅಗಲಕ್ಕೂ ನಿಂತ ಅವನ ಬಿಳಿ ಕಾರು. ಶನಿವಾರ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೊರಟವರು ಕ್ಯಾನು ಎತ್ತಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಉಜ್ಜಿಕೊಂಡು ದಾಟಬೇಕು. ದಾಟಿದವರು ಬೈಯುವುದಿಲ್ಲ. “ಹುಡ್ಗ ಚೆನ್ನಾಗವ್ನೆ” ಅನ್ನುತ್ತಾರೆ.

ಸೋಮವಾರದಿಂದ ಶುಕ್ರವಾರದವರೆಗೆ, ಬೆಂಗಳೂರಿನಲ್ಲಿ, ಈತ ಬೇರೆಯೇ ಮನುಷ್ಯ. ನಗರಗಳಲ್ಲಿ ಕಾರು ಕಡಿಮೆಯಾಗಬೇಕೆಂಬ ಪಂಥದ ಕಟ್ಟಾ ಅನುಯಾಯಿ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ‘ನಮ್ಮ ಮೆಟ್ರೊ’ ಮೊದಲು ಓಡಿದಾಗ ಹತ್ತಿದವರಲ್ಲಿ ತಾನೂ ಒಬ್ಬನೆಂದು ಹೇಳಿಕೊಳ್ಳುತ್ತಾನೆ. ಅದಕ್ಕೂ ಮುಂಚೆ, 2010ರ ಫೆಬ್ರವರಿಯಲ್ಲಿ ಬಿಎಂಟಿಸಿಯವರು ಪ್ರತಿ ತಿಂಗಳ ನಾಲ್ಕನೇ ತಾರೀಕನ್ನು ‘ಬಸ್ ದಿನ’ ಎಂದು ಸಾರಿದಾಗ, ಅದನ್ನು ಏಕಾದಶಿಯಷ್ಟೇ ನಿಷ್ಠೆಯಿಂದ ಆಚರಿಸಿದವನು. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿತೆಂದು ಓದಿದ ದಿನ ಅವನಿಗೆ ಊಟ ಸೇರಲಿಲ್ಲ. ಆ ಕೋಟಿಯಲ್ಲಿ ನಿನ್ನದೂ ಒಂದಿದೆಯಲ್ಲ ಎಂದರೆ, “ಅದು ಸುಮ್ಮನೆ ನಿಂತಿರುತ್ತೆ ಸಾರ್, ಲೆಕ್ಕಕ್ಕಿಲ್ಲ” ಅನ್ನುತ್ತಾನೆ.

ಹಾಗಾದರೆ ಕೊಂಡದ್ದೇಕೆ? ಅದಕ್ಕೊಂದು ಕಥೆಯಿದೆ. ಹಿಂದೊಮ್ಮೆ ಈತ ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಬಂದ. ಅರಳಿಕಟ್ಟೆಯ ಮೇಲೆ ದೊಡ್ಡಪ್ಪ ಕೂತಿದ್ದರು.

“ಏನ್ಲಾ ಮಗ, ಬಸ್ಸಲ್ ಬಂದಿದ್ದೀಯ? ಕೆಲ್ಸ ಹೋಯ್ತಾ?”

“ಇಲ್ಲ ದೊಡ್ಡಪ್ಪ, ಬಸ್ಸೇ ಸಲೀಸು.”

“ಇರ್ಲಿ ಬುಡು. ಕಷ್ಟ ಯಾರಿಗ್ ಬರಾಕಿಲ್ಲ ಹೇಳು.”

ಸಂಜೆಯೊಳಗೆ ಸುದ್ದಿ ಪಾಲಹಳ್ಳಿ ಮುಟ್ಟಿತು. ಮಾರನೆಯ ದಿನ ಪಾಂಡವಪುರದಿಂದ ಸೋದರಮಾವನ ಫೋನು: “ಜಮೀನ್ ಗಿಮೀನ್ ಕೊಡೋದಾದ್ರೆ ಹೊರಗಿನೋರ್ಗೆ ಕೊಡ್ಬೇಡ, ನಂಗೇ ಮೊದ್ಲು ಹೇಳು.” ಕೆ.ಆರ್. ಪೇಟೆಯಲ್ಲಿ ತಂಗಿಗೆ ನೋಡಿದ್ದ ಸಂಬಂಧದವರು, ಆಷಾಢ ಕಳೀಲಿ, ನೋಡಾಣ ಅಂದರು. ಆಷಾಢಕ್ಕೆ ಇನ್ನೂ ಆರು ತಿಂಗಳಿತ್ತು.

ಬೆಂಗಳೂರಿನ ರಸ್ತೆಗೆ ಬೇಡವಾಗಿದ್ದ ಕಾರನ್ನು ಈತ ಬೆಳಗೊಳದ ಅರಳಿಕಟ್ಟೆಗಾಗಿ ಕೊಂಡ. ಕಂತು ಅಲ್ಲಿ, ಕೀರ್ತಿ ಇಲ್ಲಿ.

ಕೊಂಡ ಮೇಲೆ ಕಾರು ಸುಮ್ಮನಿರುತ್ತದೆಯೇ? ವಾರವೆಲ್ಲ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆಂದು ಬುಧವಾರ ಒಂದು ಸುತ್ತು. ಮಳೆ ಬಂದರೆ ಮಗಳ ಶಾಲೆಗೆ. ಹೇಗೂ ಕಂತು ಕಟ್ಟುತ್ತಿದ್ದೇವಲ್ಲ ಎಂದು ಮಲ್ಲೇಶ್ವರದ ಮದುವೆಗೆ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಾಗ ಕಿಟಕಿ ಇಳಿಸಿ, ಪಕ್ಕದ ಕಾರಿನವನಿಗೆ ಸಾರ್ವಜನಿಕ ಸಾರಿಗೆಯ ಮಹತ್ವ ತಿಳಿಸುತ್ತಾನೆ. ಆ ಪುಣ್ಯಾತ್ಮನೂ ನಾಗಮಂಗಲದ ಕಡೆಯವನು. ತಲೆಯಾಡಿಸುತ್ತಾನೆ.

ಊರಿನಲ್ಲಂತೂ ಕಾರಿಗೆ ಬಿಡುವೇ ಇಲ್ಲ. ಕೂಗಿದರೆ ಕೇಳುವಷ್ಟು ದೂರದ ಅಂಗಡಿಗೂ ಕಾರು. ಮಧ್ಯಾಹ್ನ ನೆಂಟರ ಮಕ್ಕಳನ್ನೆಲ್ಲ ತುಂಬಿಕೊಂಡು ಬಲಮುರಿಗೆ, ಸಂಜೆ ಕೆಆರ್‌ಎಸ್‌ಗೆ. ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲು 2017ರಲ್ಲಿ ಶುರುವಾದದ್ದನ್ನು ಬಾಯ್ತುಂಬ ಹೊಗಳುತ್ತಾನೆ, ಅದೂ ಸ್ಟಿಯರಿಂಗ್ ಹಿಡಿದುಕೊಂಡೇ. ಬೆಳಗೊಳಕ್ಕೆ ರೈಲು ನಿಲ್ದಾಣವೇ ಇದೆಯಲ್ಲಪ್ಪ, ಮೈಸೂರಿನಲ್ಲಿ ಗಾಡಿ ಬದಲಿಸಿದರೆ ಆಯಿತಲ್ಲ ಎಂದು ಕೇಳಿದರೆ ಡಿಕ್ಕಿ ತೆಗೆದು ತೋರಿಸುತ್ತಾನೆ: ಅಕ್ಕಿ ಮೂಟೆ, ರಾಗಿ ಹಿಟ್ಟು, ಅಚ್ಚು ಬೆಲ್ಲ, ಎಳನೀರು. “ಇಷ್ಟನ್ನೂ ಹೊತ್ಕೊಂಡು ಮೆಟ್ರೊ ಹತ್ತಕ್ಕಾಗುತ್ತಾ?” ಬೆಂಗಳೂರಿನಲ್ಲಿ ಅಕ್ಕಿ ಸಿಗುವುದಿಲ್ಲವೇ ಎಂದು ಅವನ ತಾಯಿಯ ಮುಂದೆ ಕೇಳುವ ಧೈರ್ಯ ನಮಗಿಲ್ಲ.

ಆ ತಾಯಿಗೆ ಮಾತ್ರ ಕಾರಿನ ಹಂಗಿಲ್ಲ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದಾಗಿನಿಂದ ಆಧಾರ್ ಕಾರ್ಡನ್ನು ಕುಂಕುಮದ ಡಬ್ಬಿಯ ಜೊತೆ ಇಟ್ಟುಕೊಂಡು, ಮೊಮ್ಮಗಳ ನೆನಪಾದಾಗೆಲ್ಲ ಸರ್ಕಾರಿ ಬಸ್ಸು ಹತ್ತುತ್ತಾರೆ. ಮಗ ಭಾಷಣ ಮಾಡುವುದನ್ನು ತಾಯಿ ಸದ್ದಿಲ್ಲದೆ ಮಾಡಿ ಮುಗಿಸುತ್ತಾರೆ. ಆದರೆ ಕಿರಿಯ ಮಗನಿಗೆ ಹೆಣ್ಣು ಹುಡುಕುವಾಗ ಅವರೇ ಮೊದಲು ಹೇಳುವ ಮಾತು: “ದೊಡ್ಡೋನ್ ತವ ಕಾರೈತೆ.”

ಬೆಂಗಳೂರಿನ ದೊಡ್ಡವರು ದಟ್ಟಣೆ ಕಡಿಮೆ ಮಾಡಲು ಮೇಲ್ಸೇತುವೆ, ಸುರಂಗ, ಬಸ್ ಪಥ ಎಂದೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ಒಂದು ಸಲ ಬಂದು ನಮ್ಮ ಅರಳಿಕಟ್ಟೆಯನ್ನೂ ಸರ್ವೆ ಮಾಡಬೇಕು. ಅಲ್ಲಿಯ ದಟ್ಟಣೆಯ ಒಂದು ಮೂಲ ಇಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದೆ.

ಬೆಂಗಳೂರಣ್ಣನೇ ಈಚೆಗೆ ಧೈರ್ಯ ಮಾಡಿ, “ಕಾರು ಮಾರಿಬಿಡ್ತೀನಿ ದೊಡ್ಡಪ್ಪ, ಊರಿಗೆ ಬಸ್ಸಲ್ಲೇ ಬರ್ತೀನಿ” ಎಂದ. ದೊಡ್ಡಪ್ಪ ಬೇಡವೆನ್ನಲಿಲ್ಲ. ತಂಬುಲ ಉಗುಳಿ ಬಂದು ಸಮಾಧಾನವಾಗಿಯೇ ಹೇಳಿದರು:

“ಮಾರ್ಲಾ, ಒಳ್ಳೇದೇ. ಇದಕ್ಕಿಂತ ದೊಡ್ದು ಒಂದ್ ತಗೊಂಡ್ ಬಂದು ತೋರ್ಸಿ, ಆಮೇಲ್ ಮಾರು. ಆಗ ಬಸ್ಸಲ್ ಬಂದ್ರೂ ಜನ ಸರಳ ಮನ್ಸ ಅಂತಾರೆ.”